ಸಜ್ಜನರಿಗೇಕೆ ಸಂಕಟ, ದುರ್ಜನರಿಗೇಕೆ ಸಿರಿ?

ಸತ್ಯವಂತನ ಮನೆಯಲ್ಲಿ ಒಲೆ ಉರಿಯದು, ಸುಳ್ಳುಗಾರನ ಮನೆಗೆ ಮಹಡಿಯ ಮೇಲೆ ಮಹಡಿ ಏರುತ್ತದೆ. ಇದು ದೇವರ ಕಣ್ಣಿಗೆ ಕಾಣದೇ? ಮಠಕ್ಕೆ ಬರುವ ಹಿರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೆಂಗಳೂರು ದಂಡಿನ ಹಲಸೂರಿನಲ್ಲಿ ಸೋಮೇಶ್ವರನಿಗೆ ಕೈಮುಗಿಯುವವರ ಮನದಲ್ಲೂ, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮೇಣದ ಬತ್ತಿ ಹಚ್ಚುವವರ ಮನದಲ್ಲೂ ಇರುವುದು ಇದೇ.

ಕ್ರೈಸ್ತರ ಬೈಬಲಿನಲ್ಲಿ ಈ ಪ್ರಶ್ನೆಗೆಂದೇ 42 ಅಧ್ಯಾಯಗಳ ಯೋಬನ ಗ್ರಂಥವಿದೆ. ಯೋಬನು ದೈವಭಕ್ತ, ಅನಾಥರಿಗೆ ಆಸರೆಯಾದವನು. 7000 ಕುರಿ, 3000 ಒಂಟೆ, ಹತ್ತು ಮಂದಿ ಮಕ್ಕಳು ಅವನಿಗಿದ್ದರು. ಸೈತಾನನು ದೇವರೆದುರು ಒಂದು ಸಂಶಯವನ್ನೆತ್ತಿದ: ಲಾಭವಿಲ್ಲದೆ ಯೋಬ ನಿನ್ನನ್ನು ಭಜಿಸುವನೇ? ಒಂದೇ ದಿನದಲ್ಲಿ ಸಂಪತ್ತೂ ಮಕ್ಕಳೂ ಹೋದರು. ಬಳಿಕ ಮೈಯೆಲ್ಲ ಹುಣ್ಣಾಗಿ ಆತ ಬೂದಿಯಲ್ಲಿ ಕುಳಿತ.

ಮೂವರು ಗೆಳೆಯರು ಬಂದರು. ಏಳು ದಿನ ಮಾತಿಲ್ಲದೆ ಅವನ ಪಕ್ಕದಲ್ಲಿ ಕುಳಿತರು. ಅದು ನಿಜವಾದ ಸಾಂತ್ವನ. ಅನಂತರ ಬಾಯಿ ತೆರೆದು, ನೀನು ಪಾಪ ಮಾಡಿದ್ದರಿಂದಲೇ ಈ ಗತಿ ಎಂದು ವಾದಿಸಿದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಅತ್ತು ಜಗಳವಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಈ ಗೆಳೆಯರ ಮೇಲೆ!

ನಮ್ಮಲ್ಲೂ ಈ ಗೆಳೆಯರಿದ್ದಾರೆ. ಎಳೆಯ ಮಗ ತೀರಿಕೊಂಡ ಮನೆಗೆ ಹೋಗಿ ಪೂರ್ವಜನ್ಮದ ಕರ್ಮ ಎನ್ನುವವರು. 1898ರಲ್ಲಿ ಬೆಂಗಳೂರಿನ ಪೇಟೆಗೂ ದಂಡಿಗೂ ಪ್ಲೇಗು ಬಂತು. ಆ ಮಹಾಮಾರಿ ಪುಣ್ಯವಂತನೋ ಪಾಪಿಯೋ ಎಂದು ವಿಚಾರಿಸಿ ಮನೆ ಹೊಕ್ಕಿತೇ? ಇಲಿ, ಚಿಗಟಗಳಿಂದ ಹರಡುವ ರೋಗವದು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳು ಅದಕ್ಕೆ ದಾರಿಯಾದವು. ಆಮೇಲೆ ದಂಡಿನಲ್ಲಿ ಫ್ರೇಜರ್ ಟೌನಿನಂಥ ವಿಶಾಲ ಬಡಾವಣೆಗಳು ಎದ್ದವು. ಕೆಲವು ಸಂಕಟಗಳಿಗೆ ಪಾಪಿಯನ್ನು ಹುಡುಕುವುದಕ್ಕಿಂತ ಪರಿಹಾರವನ್ನು ಹುಡುಕುವುದು ಧರ್ಮ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಹರಳಯ್ಯ, ಮಧುವರಸರು ಕುಲಭೇದವನ್ನು ಮೀರಿ ಬೀಗರಾದರು. ಅದಕ್ಕೆ ಬಿಜ್ಜಳನ ಆಳ್ವಿಕೆಯಲ್ಲಿ ಅವರಿಗೆ ದೊರೆತದ್ದು ಘೋರ ಮರಣದಂಡನೆ. ಅವರು ಪಾಪಿಗಳೆಂದು ನಾವು ಯಾರಾದರೂ ಹೇಳುತ್ತೇವೆಯೇ? ಶರಣರೆಂದು ಪೂಜಿಸುತ್ತೇವೆ. ಹಾಗಿದ್ದರೆ ನೆರೆಮನೆಯವನ ಕಷ್ಟಕ್ಕೆ ಮಾತ್ರ ಪಾಪದ ಲೆಕ್ಕವೇಕೆ?

ಇನ್ನು ದುರ್ಜನರ ಸಿರಿ. ಬೈಬಲಿನ 73ನೆಯ ಕೀರ್ತನೆಯಲ್ಲಿ ಆಸಾಫನೆಂಬ ಭಕ್ತ ಅದನ್ನು ಕಂಡು ಹೊಟ್ಟೆಕಿಚ್ಚುಪಡುತ್ತಾನೆ. ತಾನು ಶುದ್ಧನಾಗಿ ಬಾಳಿದ್ದು ವ್ಯರ್ಥವೆಂದು ಕೊರಗುತ್ತಾನೆ. ದೇವಾಲಯವನ್ನು ಹೊಕ್ಕಾಗ ಅವನ ಕಣ್ಣು ತೆರೆಯುತ್ತದೆ: ಅವರು ನಿಂತಿರುವುದು ಜಾರುವ ನೆಲದ ಮೇಲೆ, ತನಗೋ, ದೇವರ ಸಾಮೀಪ್ಯವೇ ಸಂಪತ್ತು.

ಯೋಬನಿಗೆ ಕಷ್ಟದ ಕಾರಣವನ್ನು ದೇವರು ಕಡೆಗೂ ಹೇಳಲಿಲ್ಲ. ಆದರೂ ಆತ ಶರಣಾದ. ಕಳೆದ ಸಂಪತ್ತು ಮರಳುವ ಮೊದಲೇ ಶರಣಾದ. ಸೈತಾನನ ಸಂಶಯಕ್ಕೆ ಅದೇ ಉತ್ತರ. ಇಷ್ಟಲಿಂಗದ ಪೂಜೆಯೂ ವ್ಯಾಪಾರವಲ್ಲ. ಬೆಳೆ ಬಂದರೆ ಭಕ್ತಿ, ಬರ ಬಂದರೆ ನಿಂದೆ ಎಂಬುದು ಸಂತೆಯ ಲೆಕ್ಕ. ಬಂದುದನ್ನು ಪ್ರಸಾದವೆಂದು ಸ್ವೀಕರಿಸಿ, ಕಾಯಕವನ್ನು ಬಿಡದೆ, ನೊಂದವರ ಪಕ್ಕದಲ್ಲಿ ಮೌನವಾಗಿ ಕುಳಿತು ಒಂದು ತುತ್ತು ಹಂಚಿಕೊಳ್ಳುವವನೇ ನಿಜವಾದ ಭಕ್ತ.