ಹತ್ತಿಯ ಸೀಮೆಯಲ್ಲಿ ಪ್ರತಿಭೆಯ ಹುಡುಕಾಟ

ಪ್ರತಿಭಾವಂತ ವಿದ್ಯಾರ್ಥಿಗಳನ್ನು ಶಾಲೆಯ ಹಂತದಲ್ಲಿಯೇ ಗುರುತಿಸಿ, ಅವರ ಮುಂದಿನ ಓದಿಗೆ ಸರ್ಕಾರದ ಬೊಕ್ಕಸದಿಂದ ನೆರವು ನೀಡುವ ಪದ್ಧತಿ ಭಾರತದಲ್ಲಿ ವ್ಯವಸ್ಥಿತ ರೂಪ ಪಡೆದದ್ದು 1963ರಲ್ಲಿ. ಆ ವರ್ಷ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ದೆಹಲಿಗೆ ಸೀಮಿತವಾಗಿ ಕೇವಲ 10 ವಿದ್ಯಾರ್ಥಿವೇತನಗಳೊಡನೆ ಆರಂಭಿಸಿದ ವಿಜ್ಞಾನ ಪ್ರತಿಭಾನ್ವೇಷಣೆಯು ಮರುವರ್ಷವೇ 350 ವೇತನಗಳೊಡನೆ ಇಡೀ ದೇಶಕ್ಕೆ ಹಬ್ಬಿತು; 1976ರಲ್ಲಿ ಸಮಾಜ ವಿಜ್ಞಾನಗಳನ್ನೂ ಒಳಗೊಂಡು ರಾಷ್ಟ್ರೀಯ ಪ್ರತಿಭಾನ್ವೇಷಣೆ ಎಂಬ ಹೆಸರು ಪಡೆಯಿತು; 2019ರ ಹೊತ್ತಿಗೆ ವೇತನಗಳ ಸಂಖ್ಯೆ 2,000ಕ್ಕೆ ಏರಿತ್ತು. 2021ರ ನಂತರ ಆ ಪರೀಕ್ಷೆ ನಿಂತುಹೋಗಿದೆ. ಅದು ಬುದ್ಧಿಶಕ್ತಿಯನ್ನು ಅಳೆಯಿತೇ ಹೊರತು ಮನೆಯ ಬಡತನವನ್ನು ಆಯ್ಕೆಯ ಆಧಾರವಾಗಿ ಇಟ್ಟುಕೊಂಡಿರಲಿಲ್ಲವಾದ್ದರಿಂದ, ಒಳ್ಳೆಯ ಶಾಲೆ ಮತ್ತು ತರಬೇತಿ ಸಿಕ್ಕ ನಗರದ ಮಕ್ಕಳಿಗೆ ಸಹಜವಾಗಿಯೇ ಹೆಚ್ಚು ದಕ್ಕಿತು.

ಬಡತನ ಮತ್ತು ಪ್ರತಿಭೆ ಎರಡನ್ನೂ ಒಟ್ಟಿಗೆ ನೋಡುವ ಯೋಜನೆಯೆಂದರೆ 2008ರಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ರಾಷ್ಟ್ರೀಯ ಆದಾಯ ಮತ್ತು ಅರ್ಹತೆ ಆಧಾರಿತ ವಿದ್ಯಾರ್ಥಿವೇತನ, ಶಾಲೆಗಳಲ್ಲಿ ಎಲ್ಲರೂ ಹೇಳುವಂತೆ ಎನ್‌ಎಂಎಂಎಸ್. ಎಂಟನೆಯ ತರಗತಿ ಮುಗಿದ ಮೇಲೆ ಬಡ ಮಕ್ಕಳು ಶಾಲೆ ಬಿಡುವುದನ್ನು ತಡೆಯುವುದೇ ಇದರ ಘೋಷಿತ ಉದ್ದೇಶ. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು, ಕುಟುಂಬದ ವಾರ್ಷಿಕ ವರಮಾನ 3.5 ಲಕ್ಷ ರೂಪಾಯಿ ಮೀರದಿದ್ದರೆ ಮತ್ತು ಏಳನೆಯ ತರಗತಿಯಲ್ಲಿ ಶೇ 55 ಅಂಕ (ಪರಿಶಿಷ್ಟರಿಗೆ ಶೇ 50) ಬಂದಿದ್ದರೆ, ಈ ಪರೀಕ್ಷೆ ಬರೆಯಬಹುದು. ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಹೊಸ ವೇತನಗಳಿದ್ದು, ಅವುಗಳಲ್ಲಿ ಆಂಧ್ರಪ್ರದೇಶದ ಪಾಲು 4,087, ಕರ್ನಾಟಕದ ಪಾಲು 5,534. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. 2017ರವರೆಗೆ ಇದು 6,000 ಇತ್ತು.

ಈ ಯೋಜನೆಯ ಉದ್ದೇಶಕ್ಕೆ ತಕ್ಕ ಸೀಮೆಯನ್ನು ಹುಡುಕುವುದಾದರೆ ಆದವಾನಿ ಮತ್ತು ಅದರ ಸುತ್ತಲಿನ ಪಶ್ಚಿಮ ಕರ್ನೂಲಿಗಿಂತ ಬೇರೆ ಬೇಕಿಲ್ಲ. ಆದವಾನಿ ಮತ್ತು ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂದರೆ, ಇವೆರಡೂ ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಸೇರಿದವು. ಹೊಳಗುಂದ, ಹಾಲಹರ್ವಿ, ಕೌತಾಳಂ, ಮಂತ್ರಾಲಯ ಮಂಡಲಗಳ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು, ಸರ್ಕಾರದ ಕನ್ನಡ ಮಾಧ್ಯಮ ಶಾಲೆಗಳೂ ಇವೆ. ಆದವಾನಿಯ ಹತ್ತಿ ಮಾರುಕಟ್ಟೆ ದಕ್ಷಿಣ ಭಾರತದಲ್ಲೆಲ್ಲ ಹೆಸರಾದದ್ದು. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಈ ಸೀಮೆಯಲ್ಲಿಯೇ ಹಾಯುತ್ತದೆ. ಆದರೂ ಮಳೆಯನ್ನೇ ನಂಬಿದ ಹೊಲಗಳೇ ಹೆಚ್ಚಾಗಿರುವುದರಿಂದ ವರ್ಷವಿಡೀ ಊರಲ್ಲೇ ದುಡಿಮೆ ಸಿಗುವುದಿಲ್ಲ. 2011ರ ಜನಗಣತಿಯ ವೇಳೆಗೆ ಕರ್ನೂಲು ಜಿಲ್ಲೆಯ ಸಾಕ್ಷರತೆ ಶೇ 60ರ ಆಸುಪಾಸಿನಲ್ಲಿತ್ತು, ಮತ್ತು ಜಿಲ್ಲೆಯೊಳಗೆ ಕೋಸಿಗಿ, ಕೌತಾಳಂ ಕಡೆಯ ಮಂಡಲಗಳು ಆ ಸರಾಸರಿಗಿಂತಲೂ ಕೆಳಗಿದ್ದವು.

ಈ ಭಾಗದ ಶಿಕ್ಷಣವನ್ನು ಬೇರೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಗುಳೆ. ಮುಂಗಾರಿನ ಬೆಳೆ ಕೈಗೆ ಬಂದ ನಂತರ, ಕೆಲವೊಮ್ಮೆ ಬೆಳೆ ಕೈಕೊಟ್ಟ ನಂತರ, ಕುಟುಂಬಗಳು ಮನೆಗೆ ಬೀಗ ಹಾಕಿ ಗುಂಟೂರು ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೊರಡುತ್ತವೆ. ಊರ ಮಾತಿನಲ್ಲಿ ಇದಕ್ಕೆ ಸುಗ್ಗಿಗೆ ಹೋಗುವುದು ಎನ್ನುತ್ತಾರೆ. ದೊಡ್ಡವರ ಹಿಂದೆ ಮಕ್ಕಳೂ ಹೋಗುತ್ತಾರೆ, ಹನ್ನೆರಡು ಹದಿಮೂರು ದಾಟಿದವರಾದರೆ ಅವರ ಕೈಗಳೂ ಕೂಲಿಯ ಲೆಕ್ಕಕ್ಕೆ ಸೇರುತ್ತವೆ. ಎಂಟನೆಯ ತರಗತಿಯ ಮಗುವಿನ ವಯಸ್ಸು ಅದೇ. ಇತ್ತೀಚಿನ ವರ್ಷಗಳಲ್ಲಿ ಆಂಧ್ರದ ಎನ್‌ಎಂಎಂಎಸ್ ಪರೀಕ್ಷೆ ನಡೆಯುತ್ತಿರುವುದು ಡಿಸೆಂಬರಿನಲ್ಲಿ, ಅಂದರೆ ಗುಳೆಯ ದಿನಗಳಲ್ಲಿಯೇ. ಶಾಲೆ ಬಿಡುವುದನ್ನು ತಡೆಯಲೆಂದು ಹುಟ್ಟಿದ ಪರೀಕ್ಷೆಯ ದಿನ, ಶಾಲೆ ಬಿಡುವ ಅಪಾಯ ಅತಿ ಹೆಚ್ಚು ಇರುವ ಮಗುವೇ ನೂರಾರು ಕಿಲೋಮೀಟರ್ ದೂರದ ಮೆಣಸಿನ ಹೊಲದಲ್ಲಿರಬಹುದು ಎಂಬ ಈ ಸಂಗತಿಯನ್ನು ಯೋಜನೆಯ ಅತಿ ದೊಡ್ಡ ಲೋಪವೆಂದೇ ಹೇಳಬೇಕು. ವಲಸೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದಲೆಂದು ಸಮಗ್ರ ಶಿಕ್ಷಾ ಯೋಜನೆಯಡಿ ಋತುಕಾಲಿಕ ವಸತಿನಿಲಯಗಳ ವ್ಯವಸ್ಥೆ ಇದೆ. ಆದರೆ ಗುಳೆ ಆರಂಭವಾಗುವ ಮೊದಲೇ ಅವು ಬಾಗಿಲು ತೆರೆಯದಿದ್ದರೆ, ಒಮ್ಮೆ ಹೊರಟುಹೋದ ಮಗುವನ್ನು ಮರಳಿ ಕರೆತರುವುದು ಬಹಳ ಕಷ್ಟ.

ಮಂತ್ರಾಲಯದ ಪರಿಸರದಲ್ಲಿ ದಿವಾನ್ ವೆಂಕಣ್ಣನ ಐತಿಹ್ಯವನ್ನು ಕೇಳದವರಿಲ್ಲ. ಅಕ್ಷರ ಬಾರದ ಆ ಹುಡುಗ, ನವಾಬನ ಮುಂದೆ ಪತ್ರವೊಂದನ್ನು ಓದಬೇಕಾಗಿ ಬಂದಾಗ ರಾಘವೇಂದ್ರ ಸ್ವಾಮಿಗಳನ್ನು ನೆನೆದು ಓದಿದನೆಂದೂ, ಮುಂದೆ ಆದವಾನಿಯ ದಿವಾನನಾದನೆಂದೂ ಜನ ಭಕ್ತಿಯಿಂದ ಹೇಳುತ್ತಾರೆ. ಅನುಗ್ರಹದ ಆ ಕಥೆಯಲ್ಲಿ ಕೂಡ, ಅವಕಾಶ ಎದುರಾದ ಗಳಿಗೆಯಲ್ಲಿ ಹುಡುಗ ಆ ಸ್ಥಳದಲ್ಲಿದ್ದ. ಇಂದಿನ ಮಗುವನ್ನು ಪರೀಕ್ಷೆಯ ದಿನ ಪರೀಕ್ಷೆಯ ಕೋಣೆಯಲ್ಲಿ ಇರುವಂತೆ ಮಾಡುವುದು ಸರ್ಕಾರದ ಮತ್ತು ಸಮಾಜದ ಕೆಲಸ.

ಎರಡನೆಯ ತೊಡಕು ಭಾಷೆಯದು. ಎನ್‌ಎಂಎಂಎಸ್‌ನಲ್ಲಿ ತಲಾ 90 ಪ್ರಶ್ನೆಗಳ ಎರಡು ಭಾಗಗಳಿವೆ. ಸಂಖ್ಯಾಸರಣಿ, ಸಾದೃಶ್ಯ, ಸಂಕೇತ ಬಿಡಿಸುವುದು, ಆಕೃತಿಗಳ ಹೋಲಿಕೆ ಮುಂತಾದವುಗಳ ಮೂಲಕ ತರ್ಕಶಕ್ತಿಯನ್ನು ಅಳೆಯುವುದು ಬೌದ್ಧಿಕ ಸಾಮರ್ಥ್ಯ ಪರೀಕ್ಷೆ. ಗಣಿತ, ವಿಜ್ಞಾನ ಮತ್ತು ಸಮಾಜ ಪಾಠಗಳ ತಿಳಿವನ್ನು ಅಳೆಯುವುದು ವ್ಯಾಸಂಗಿಕ ಸಾಮರ್ಥ್ಯ ಪರೀಕ್ಷೆ. ಮೊದಲನೆಯದು ಯಾವ ಪಠ್ಯಕ್ಕೂ ಕಟ್ಟುಬಿದ್ದಿಲ್ಲವಾದ್ದರಿಂದ ಎಲ್ಲ ಮಕ್ಕಳಿಗೂ ಸಮಾನವೆಂದು ತೋರುತ್ತದೆ, ಆದರೆ ವಾಸ್ತವ ಹಾಗಿಲ್ಲ. ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳ ಕ್ರಮಸಂಖ್ಯೆಯನ್ನು ಆಧರಿಸಿದ ಸಂಕೇತದ ಪ್ರಶ್ನೆಯಲ್ಲಿ, ಆ ಕ್ರಮ ಬಾಯಿಗೆ ಬರದ ಮಗು ತರ್ಕದಲ್ಲಿ ಸೋಲುವ ಮೊದಲೇ ಅಕ್ಷರದಲ್ಲಿ ಸೋಲುತ್ತದೆ. ಅದೇ ಪ್ರಶ್ನೆಯನ್ನು ಕಾಗುಣಿತ ಮತ್ತು ಒತ್ತಕ್ಷರಗಳಿರುವ ಕನ್ನಡಕ್ಕೆ ಯಾಂತ್ರಿಕವಾಗಿ ಇಳಿಸಿದರೆ ಪ್ರಶ್ನೆಯ ಸುಳಿವೇ ಕಾಣೆಯಾಗುತ್ತದೆ. ಬುದ್ಧಿಮಾಪನದ ಪ್ರಶ್ನೆಗಳನ್ನು ಮಗುವಿನ ಭಾಷೆ ಮತ್ತು ಬದುಕಿಗೆ ಒಗ್ಗಿಸಿಯೇ ಬಳಸಬೇಕೆಂಬ ಅರಿವು ಕನ್ನಡನಾಡಿಗೆ ಹೊಸದೇನಲ್ಲ. ಫ್ರಾನ್ಸಿನ ಬಿನೆ ರೂಪಿಸಿದ ಮಾಪಕವನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ, ಆ ಕೆಲಸವನ್ನು 1940ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದ್ದರು.

ಗಡಿಯ ಕನ್ನಡ ಮಾಧ್ಯಮದ ಮಗುವಿಗೆ ಇನ್ನೊಂದು ಇಕ್ಕಟ್ಟೂ ಇದೆ. ಬಳ್ಳಾರಿಯ ಅಂಗಡಿಗಳಲ್ಲಿ ಸಿಗುವ ಕನ್ನಡದ ಮಾರ್ಗದರ್ಶಿಗಳು ಕರ್ನಾಟಕದ ಪಠ್ಯವನ್ನು ಅನುಸರಿಸುತ್ತವೆ, ಆದವಾನಿಯ ಅಂಗಡಿಗಳಲ್ಲಿ ಸಿಗುವ ಆಂಧ್ರ ಪಠ್ಯದ ಮಾರ್ಗದರ್ಶಿಗಳು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಬೌದ್ಧಿಕ ಸಾಮರ್ಥ್ಯದ ಭಾಗದ ಮಟ್ಟಿಗೆ ಕರ್ನಾಟಕದ ಹಳೆಯ ಪ್ರಶ್ನೆಪತ್ರಿಕೆಗಳು ಗಡಿಯಾಚೆಗೂ ಹಾಗೆಯೇ ಉಪಯೋಗಕ್ಕೆ ಬರುತ್ತವೆ; ಪಠ್ಯದ ಭಾಗಕ್ಕೆ ಆಂಧ್ರದ ಕನ್ನಡ ಶಿಕ್ಷಕರೇ ಕೂಡಿ ಅಭ್ಯಾಸ ಪುಸ್ತಕವೊಂದನ್ನು ಸಿದ್ಧಪಡಿಸಬೇಕಾಗುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ತಾಯ್ನುಡಿಯಲ್ಲಿ ಕಲಿತ ಮಗು ಆಯ್ಕೆ ಪರೀಕ್ಷೆಯ ಬಾಗಿಲಲ್ಲಿ ಹಿಂದೆ ಬೀಳುವುದಾದರೆ ಆ ವಿಧಿಯ ಆಶಯ ಅರ್ಧಕ್ಕೇ ನಿಂತಂತೆ. 2010ರ ಕಾಯ್ದೆಯ ಮೂಲಕ ರಚಿತವಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಇಂಥ ಪುಸ್ತಕವೊಂದರ ಮುದ್ರಣಕ್ಕೆ ನೆರವಾದರೆ, ಕಟ್ಟಡಗಳಿಗೆ ಕೊಡುವ ಹಣಕ್ಕಿಂತ ಅದು ಹೆಚ್ಚು ಫಲ ಕೊಟ್ಟೀತು.

ಇದೇ ಸೀಮೆಯಲ್ಲಿ, ಎಮ್ಮಿಗನೂರಿನ ಬಳಿಯ ಬನವಾಸಿಯಲ್ಲಿ, ಜವಾಹರ ನವೋದಯ ವಿದ್ಯಾಲಯವಿದೆ. ಐದನೆಯ ತರಗತಿಯ ಮಕ್ಕಳಿಗೆ ನಡೆಯುವ ಅದರ ಆಯ್ಕೆ ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯ, ಅಂಕಗಣಿತ ಮತ್ತು ಭಾಷೆ ಸೇರಿ 80 ಪ್ರಶ್ನೆಗಳಿರುತ್ತವೆ. ಕನಿಷ್ಠ ಶೇ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ವಸತಿ, ಊಟ, ಪುಸ್ತಕ ಎಲ್ಲವೂ ಉಚಿತವಾದ್ದರಿಂದ ಗುಳೆಯ ಸಮಸ್ಯೆಯೇ ಅಲ್ಲಿ ಇಲ್ಲ. ಆದರೆ ಆರನೆಯ ತರಗತಿಗೆ ಸೇರಿಸಿಕೊಳ್ಳುವುದು ಇಡೀ ಜಿಲ್ಲೆಗೆ ಗರಿಷ್ಠ 80 ಮಕ್ಕಳನ್ನು ಮಾತ್ರ. ಉಳಿದವರ ಪಾಲಿಗೆ ಎನ್‌ಎಂಎಂಎಸ್ಸೇ ದೊಡ್ಡ ಆಸರೆ.

ಆಯ್ಕೆಯಾದರೂ ದಾರಿ ಮುಗಿಯುವುದಿಲ್ಲ. ಆದಾಯ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮತ್ತು ಬ್ಯಾಂಕ್ ಖಾತೆ ಇಷ್ಟರಲ್ಲೂ ಮಗುವಿನ ಹೆಸರು ಒಂದೇ ರೀತಿ ಇರಬೇಕು. ಮನೆಯಲ್ಲಿ ಕನ್ನಡದ ಹೆಸರು, ದಾಖಲೆಯಲ್ಲಿ ತೆಲುಗಿನ ಬರಹ, ಆಧಾರ್‌ನಲ್ಲಿ ಇಂಗ್ಲಿಷಿನ ಕಾಗುಣಿತ ಹೀಗೆ ಮೂರು ರೂಪ ತಾಳುವ ಗಡಿಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಪ್ರತಿವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣದ ಅರ್ಜಿ ಸಲ್ಲಿಸಬೇಕು. ಹತ್ತನೆಯ ತರಗತಿಯಲ್ಲಿ ಶೇ 60 ಅಂಕ (ಪರಿಶಿಷ್ಟರಿಗೆ ಶೇ 55) ಬಂದರೆ ಮಾತ್ರ ಮುಂದಿನ ಎರಡು ವರ್ಷದ ವೇತನ ಮುಂದುವರಿಯುತ್ತದೆ. ಖಾಸಗಿ ಕಾಲೇಜಿಗೆ ಸೇರಿದರೆ ವೇತನ ನಿಲ್ಲುತ್ತದೆ. ಗೆದ್ದ ಮಕ್ಕಳ ಹೆಸರನ್ನು ಸೂಚನಾಫಲಕದಲ್ಲಿ ಬರೆದು ಸನ್ಮಾನಿಸುವ ಶಾಲೆಗಳು, ಮೂರು ವರ್ಷಗಳ ನಂತರ ಅವರಲ್ಲಿ ಎಷ್ಟು ಮಂದಿಗೆ ಹಣ ಇನ್ನೂ ಬರುತ್ತಿದೆ ಎಂಬುದನ್ನೂ ಅದೇ ಕಾಳಜಿಯಿಂದ ದಾಖಲಿಸಬೇಕು.

ಆಂಧ್ರದ ಶಿಕ್ಷಣ ಇಲಾಖೆ ಮನಸ್ಸು ಮಾಡಿದರೆ ಕೆಲವು ಬದಲಾವಣೆಗಳು ಹೆಚ್ಚು ಖರ್ಚಿಲ್ಲದೆ ಸಾಧ್ಯ. ಪರೀಕ್ಷೆಯನ್ನು ಗುಳೆಗೆ ಮೊದಲೇ, ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ನಡೆಸಬಹುದು. ಅದಾಗದಿದ್ದರೆ ಕರ್ನೂಲು ಜಿಲ್ಲೆಯ ಮಗು ಗುಂಟೂರಿನ ಕೇಂದ್ರದಲ್ಲಿಯೇ ತನ್ನ ಜಿಲ್ಲೆಯ ಅಭ್ಯರ್ಥಿಯಾಗಿ ಬರೆಯಲು ಅವಕಾಶ ಕೊಡಬಹುದು. ಆಯ್ಕೆಪಟ್ಟಿ ಜಿಲ್ಲಾವಾರು ಸಿದ್ಧವಾಗುವುದರಿಂದ ಕೋಸಿಗಿಯ ಹಳ್ಳಿಯ ಮಗು ಕರ್ನೂಲು ನಗರದ ಮಗುವಿನೊಡನೆ ಸ್ಪರ್ಧಿಸಬೇಕಾಗಿದೆ. ಜಿಲ್ಲೆಯ ಪಾಲಿನಲ್ಲಿ ಒಂದಂಶವನ್ನು ಸಾಕ್ಷರತೆ ಕಡಿಮೆ ಇರುವ ಮಂಡಲಗಳಿಗೆ ಮೀಸಲಿಡುವುದು ನ್ಯಾಯವಾದದ್ದು. ಇಲಾಖೆಯ ಆದೇಶ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಇದೆ. ಆದವಾನಿ, ಆಲೂರು, ಹೊಳಗುಂದಗಳ ಶಿಕ್ಷಕರು ಮತ್ತು ಕನ್ನಡ ಸಂಘಗಳವರು ಜುಲೈ ತಿಂಗಳಲ್ಲಿಯೇ ಎಂಟನೆಯ ತರಗತಿಯ ಅರ್ಹ ಮಕ್ಕಳ ಪಟ್ಟಿ ಮಾಡಿ, ಅವರ ಮನೆಗೆ ಹೋಗಿ ತಂದೆ ತಾಯಿಯೊಡನೆ ಮಾತಾಡಿ, ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕ್ ಖಾತೆಯ ಕೆಲಸವನ್ನು ದಸರೆಗೆ ಮೊದಲೇ ಮುಗಿಸಿಕೊಡಬೇಕು.