ದೆವ್ವದ ಸಿನಿಮಾ: ಟಾಕೀಸಿನಲ್ಲಿ ‘ಎ’, ಟಿ.ವಿ.ಯಲ್ಲಿ ‘ಯು/ಎ’

ಚಿತ್ರಮಂದಿರದಲ್ಲಿ ‘ಎ’ ಪ್ರಮಾಣಪತ್ರದೊಂದಿಗೆ ತೆರೆಕಂಡ ದೆವ್ವದ ಸಿನಿಮಾ ಟಿ.ವಿ.ಗೆ ಬರುವ ಹೊತ್ತಿಗೆ ‘ಯು/ಎ’ ಆಗಿರುವುದುಂಟು. ಅದೇ ಚಿತ್ರ ಒಟಿಟಿಯಲ್ಲಿ ಮತ್ತೆ ‘ಎ’ ಆಗಿಯೇ ಸಿಗಬಹುದು. ಪ್ರಮಾಣಪತ್ರ ಕೊಡುವುದು ಸೆನ್ಸಾರ್ ಮಂಡಳಿಯ ಮುಂದಿಟ್ಟ ಪ್ರತಿಗೆ ಮಾತ್ರ. ಆ ಪ್ರತಿಯನ್ನು ಎಲ್ಲಿ ತೋರಿಸುತ್ತಾರೆ ಎಂಬುದರ ಮೇಲೆ ಕಾನೂನು ಬದಲಾಗುತ್ತದೆ.

1952ರ ಸಿನಿಮಾಟೋಗ್ರಾಫ್ ಕಾಯ್ದೆ ಸಾರ್ವಜನಿಕ ಪ್ರದರ್ಶನವನ್ನು ಗಮನದಲ್ಲಿಟ್ಟು ರೂಪುಗೊಂಡದ್ದು. ಟಿಕೆಟ್ ಕೌಂಟರಿನಲ್ಲೋ ಬಾಗಿಲಲ್ಲೋ ಒಬ್ಬರು ನಿಂತು ಹುಡುಗರನ್ನು ತಡೆಯುತ್ತಾರೆಂಬ ನಂಬಿಕೆ ಅದರ ಹಿಂದಿದೆ. ಎಷ್ಟು ಟಾಕೀಸುಗಳು ಹಾಗೆ ತಡೆದವು ಎಂಬುದು ಬೇರೆ ಮಾತು. 1983ರಿಂದ ‘ಯು’ (ಎಲ್ಲರಿಗೂ), ‘ಯು/ಎ’ (ಮಕ್ಕಳಿಗೆ ಪೋಷಕರ ಮಾರ್ಗದರ್ಶನದೊಂದಿಗೆ), ‘ಎ’ (ವಯಸ್ಕರಿಗೆ ಮಾತ್ರ), ‘ಎಸ್’ (ವಿಶೇಷ ವರ್ಗದವರಿಗೆ ಮಾತ್ರ) ಎಂಬ ನಾಲ್ಕು ವರ್ಗಗಳಿವೆ. 2023ರ ತಿದ್ದುಪಡಿ ‘ಯು/ಎ’ಯನ್ನು 7, 13, 16 ವರ್ಷಗಳ ಮೂರು ಮೆಟ್ಟಿಲುಗಳಾಗಿ ಒಡೆಯಿತು. ಆದರೆ ಈ ಮೆಟ್ಟಿಲುಗಳು ತಂದೆತಾಯಿಗೆ ನೀಡಿದ ಸೂಚನೆ ಮಾತ್ರ. ಬಾಗಿಲಲ್ಲಿ ತಡೆಯುವ ಬಲ ಇರುವುದು ‘ಎ’ಗೆ.

ಮನೆಯಲ್ಲಿ ಬಾಗಿಲು ಕಾಯುವವರಿಲ್ಲ. ಹಾಗಾಗಿ ಕೇಬಲ್ ಟಿ.ವಿ. ನಿಯಮಗಳು ಎಲ್ಲರೂ ನೋಡಲು ತಕ್ಕ ಚಿತ್ರಗಳನ್ನೇ ಕೇಳುತ್ತವೆ. 2000ದ ದಶಕದ ಮಧ್ಯದಲ್ಲಿ ಟಿ.ವಿ.ಯಲ್ಲಿ ‘ಎ’ ಚಿತ್ರ ತೋರಿಸುವುದರ ವಿರುದ್ಧ ಬಾಂಬೆ ಹೈಕೋರ್ಟಿನಲ್ಲಿ ನಡೆದ ಮೊಕದ್ದಮೆಯ ನಂತರ ಈ ಪಟ್ಟು ಬಿಗಿಯಾಯಿತು. ‘ಎ’ ಚಿತ್ರ ಟಿ.ವಿ.ಗೆ ಬರಬೇಕಾದರೆ ಕತ್ತರಿ ಬಿದ್ದ ಹೊಸ ಪ್ರತಿ ಮಂಡಳಿಯ ಮುಂದೆ ಹೋಗಿ ಬೇರೆ ಪ್ರಮಾಣಪತ್ರ ಪಡೆಯಬೇಕು. 2023ರ ತಿದ್ದುಪಡಿ ಇದನ್ನು ಕಾಯ್ದೆಯಲ್ಲೇ ಬರೆದಿದೆ. ನಿರ್ಮಾಪಕರು ತಾವಾಗಿಯೇ ಕತ್ತರಿ ಹಿಡಿಯುವುದಕ್ಕೆ ಮುಖ್ಯ ಕಾರಣ ದುಡ್ಡು: ಪ್ರಸಾರಕ್ಕೆ ಬಾರದ ಚಿತ್ರದ ಸ್ಯಾಟಲೈಟ್ ಹಕ್ಕನ್ನು ಯಾವ ವಾಹಿನಿಯೂ ಕೊಳ್ಳುವುದಿಲ್ಲ.

ಕತ್ತರಿಗೆ ಸುಲಭವಾಗಿ ಸಿಗುವುದು ರಕ್ತ, ಸೀಳಿದ ದೇಹ, ಮೈಥುನದ ದೃಶ್ಯ. ಹೆದರಿಕೆ ಮಾತ್ರ ಅಷ್ಟು ಸುಲಭಕ್ಕೆ ಕೈಗೆ ಬಾರದು. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯಾಗಿ ಸೌಂದರ್ಯಾ ಹುಟ್ಟಿಸುವ ಭಯ ಕಣ್ಣಿನಲ್ಲಿ, ಕುಣಿತದಲ್ಲಿ, ತಾಳದಲ್ಲಿ ಇದೆ, ಅದರಲ್ಲಿ ಇಂತಿಷ್ಟು ಸೆಕೆಂಡ್ ತೆಗೆಯಿರಿ ಎಂದು ಹೇಳುವುದು ಹೇಗೆ? ಹೀಗಾಗಿ ಹೆಚ್ಚು ಹೆದರಿಸುವ ಚಿತ್ರ ಕೆಳಗಿನ ವರ್ಗದಲ್ಲೂ, ಬರಿ ನೆತ್ತರು ಚೆಲ್ಲುವ ಚಿತ್ರ ಮೇಲಿನ ವರ್ಗದಲ್ಲೂ ಕೂರುತ್ತದೆ. ವರ್ಗೀಕರಣದ ದೊಡ್ಡ ಕೊರತೆ ಇದೇ.

ಒಟಿಟಿಯ ದಾರಿ ಬೇರೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅಲ್ಲಿ ವಯಸ್ಸಿನ ಗುರುತನ್ನು ವೇದಿಕೆಯೇ ಹಾಕಿಕೊಳ್ಳುತ್ತದೆ. ಟಾಕೀಸಿಗಾಗಿ ತೆಗೆದುಹಾಕಿದ ದೃಶ್ಯಗಳು ಈ ಪ್ರತಿಯಲ್ಲಿ ಮರಳಿ ಸೇರಬಹುದು. ಆಗ ಗುರುತು ಮೇಲಕ್ಕೇರುತ್ತದೆ. 13 ಮತ್ತು ಮೇಲಿನ ವರ್ಗಗಳಿಗೆ ಪೋಷಕರ ಬೀಗ, ‘ಎ’ಗೆ ವಯಸ್ಸು ಖಚಿತಪಡಿಸುವ ವ್ಯವಸ್ಥೆ ಕಡ್ಡಾಯ. ರೋಣ ತಾಲ್ಲೂಕಿನ ಮೆಣಸಗಿಯಂಥ ಊರಿನಲ್ಲಿ ಒಂದೇ ಮೊಬೈಲು ಅಪ್ಪನ ಕೈಯಿಂದ ಮಗನ ಕೈಗೆ, ಅಲ್ಲಿಂದ ಪಕ್ಕದ ಮನೆಯ ಹುಡುಗರ ಕೈಗೆ ದಾಟುತ್ತಿದ್ದರೆ ಆ ಬೀಗದ ಗುಟ್ಟು ಎಷ್ಟು ದಿನ ಉಳಿದೀತು?

ಇದೇ ಚಿಂತೆ ಬ್ರಿಟನ್ನಿನಲ್ಲಿ ಉಲ್ಟಾ ಫಲ ಕೊಟ್ಟಿತು. ‘ದಿ ಎಕ್ಸಾರ್ಸಿಸ್ಟ್’ ಎಂಬ ದೆವ್ವದ ಚಿತ್ರ 1974ರಲ್ಲಿ ಅಲ್ಲಿನ ಚಿತ್ರಮಂದಿರಗಳಲ್ಲಿ ವಯಸ್ಕರಿಗಾಗಿ ಓಡಿತು. 1984ರ ವಿಡಿಯೊ ಕಾಯ್ದೆ ಬಂದ ಮೇಲೆ, ಕ್ಯಾಸೆಟ್ಟು ಮನೆಯ ಮಕ್ಕಳ ಕೈಗೆ ಸಿಗುತ್ತದೆಂಬ ಅಂಜಿಕೆಯಿಂದ ಅದರ ವಿಡಿಯೊಗೆ ಪ್ರಮಾಣಪತ್ರ ಸಿಗಲೇ ಇಲ್ಲ. ಸಿಕ್ಕಿದ್ದು 1999ರಲ್ಲಿ, ‘18’ರ ಗುರುತಿನೊಂದಿಗೆ. ಭಾರತದಲ್ಲಿ ಮನೆಗಾಗಿ ಚಿತ್ರವನ್ನೇ ಕತ್ತರಿಸಿದರೆ, ಅಲ್ಲಿ ಚಿತ್ರವನ್ನು ಹಾಗೇ ಬಿಟ್ಟು ಮನೆಯ ಬಾಗಿಲು ಮುಚ್ಚಿದರು.

ಡಬ್ಬಿಂಗ್ ಇನ್ನೊಂದು ತೊಡಕು. ಬೇರೆ ಭಾಷೆಯ ಭಯಾನಕ ಚಿತ್ರ ಕನ್ನಡಕ್ಕೆ ಬಂದರೆ ಕನ್ನಡ ಪ್ರತಿಗೂ ಪ್ರಮಾಣಪತ್ರ ಬೇಕು. ಬೈಗುಳ ಮೆತ್ತಗಾಗಿ, ದೃಶ್ಯ ಮೊಟಕಾಗಿ ಬಂದಿದ್ದರೆ ಅದರ ವರ್ಗ ಮೂಲದ್ದಕ್ಕಿಂತ ಕೆಳಗಿಳಿಯಲೂಬಹುದು.