ಬೈಸಿಕೊಳ್ಳುವ ವಯಸ್ಸಿನ ಧೈರ್ಯ

2019ರ ಆಗಸ್ಟ್. ಕೃಷ್ಣಾ ನದಿ ಉಕ್ಕಿ ಹರಿದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿ ಬಳಿಯ ಸೇತುವೆ ಮುಳುಗಿತ್ತು. ಮಹಿಳೆಯೊಬ್ಬರ ಮೃತದೇಹವನ್ನೂ ಮಕ್ಕಳನ್ನೂ ಹೊತ್ತು ಬಂದ ಆಂಬುಲೆನ್ಸ್ ಅಲ್ಲಿ ನಿಂತಿತು. ನೀರಿನಡಿ ರಸ್ತೆ ಎಲ್ಲಿ, ಅಂಚು ಎಲ್ಲಿ ಎಂಬುದು ಚಾಲಕನಿಗೆ ತಿಳಿಯುವಂತಿರಲಿಲ್ಲ. ಹನ್ನೆರಡು ವರ್ಷದ ವೆಂಕಟೇಶ ಸೊಂಟಮಟ್ಟದ ನೀರಿಗಿಳಿದು ದಾರಿ ತೋರಿಸುತ್ತ ಮುಂದೆ ಸಾಗಿದ. ಅವನ ಹಿಂದೆಯೇ ಬಂದ ವಾಹನ ದಾಟಿಕೊಂಡಿತು. ಆ ವಿಡಿಯೊವನ್ನು ದೇಶವೆಲ್ಲ ನೋಡಿತು. ಹುಡುಗನಿಗೆ ಮುಂದೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು.

ಅಂದು ಒಂದು ಹೆಜ್ಜೆ ತಪ್ಪಿದ್ದರೆ ಜನ ಆಡುತ್ತಿದ್ದ ಮಾತೇ ಬೇರೆ. ಹುಡುಗುಬುದ್ಧಿ, ದುಡುಕು, ದೊಡ್ಡವರ ಮಾತು ಕೇಳದ ಹಟ ಎನ್ನುತ್ತಿದ್ದರು. ನೆರೆನೀರಿಗೆ ಯಾವ ಮಗುವೂ ಇಳಿಯಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೂ ದುಡುಕು ಎಂದು ಬೈಸಿಕೊಳ್ಳುವ ಗುಣಕ್ಕೂ ಧೈರ್ಯ ಎಂದು ಹೊಗಳಿಸಿಕೊಳ್ಳುವ ಗುಣಕ್ಕೂ ಮಿದುಳಿನಲ್ಲಿ ಬೇರು ಒಂದೇ ಇರಬಹುದೇ ಎಂದು ಕೇಳಲೇಬೇಕು. ಕಳೆದ ಕೆಲವು ದಶಕಗಳ ಸಂಶೋಧನೆ ಇದಕ್ಕೆ ಕೊಡುತ್ತಿರುವ ಉತ್ತರ ಬಹುಮಟ್ಟಿಗೆ ಹೌದು ಎಂಬ ಕಡೆಗೇ ವಾಲುತ್ತದೆ.

ಹದಿಹರೆಯದವರಿಗೆ ಅಪಾಯದ ಪರಿವೆಯೇ ಇಲ್ಲ ಎಂಬ ಮಾತನ್ನು ಮೊದಲು ನೋಡೋಣ. ಅಗ್ನೀಷ್ಕಾ ತಿಮುಲಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12ರಿಂದ 17 ವರ್ಷದ ಮಕ್ಕಳಿಗೂ 30ರಿಂದ 50 ವರ್ಷದ ಹಿರಿಯರಿಗೂ ಒಂದೇ ಬಗೆಯ ಲಾಟರಿ ಕೊಟ್ಟರು. ಖಚಿತವಾಗಿ ಸಿಗುವ ಸ್ವಲ್ಪ ಹಣ ಬೇಕೋ, ಸಿಕ್ಕರೆ ಸಿಕ್ಕೀತು ಎನ್ನುವ ಹೆಚ್ಚು ಹಣ ಬೇಕೋ ಎಂದು ಆರಿಸಬೇಕಿತ್ತು. ಕೆಲವು ಲಾಟರಿಗಳಲ್ಲಿ ಗೆಲ್ಲುವ ಸಾಧ್ಯತೆ ಎಷ್ಟೆಂದು ಮೊದಲೇ ತೋರಿಸಿದರು, ಕೆಲವುಗಳಲ್ಲಿ ಅದನ್ನು ಭಾಗಶಃ ಮುಚ್ಚಿಟ್ಟರು. ಸಾಧ್ಯತೆ ಗೊತ್ತಿದ್ದಾಗ ಮಕ್ಕಳು ಹಿರಿಯರಿಗಿಂತ ಹೆಚ್ಚು ಎಚ್ಚರ ವಹಿಸಿದರು! ಅದು ಮಸುಕಾದಾಗ ಮಾತ್ರ ಹಿರಿಯರಷ್ಟು ಹಿಂಜರಿಯಲಿಲ್ಲ. ಅಂದರೆ ಈ ವಯಸ್ಸಿನವರು ಅಪಾಯವನ್ನು ಅರಸಿಕೊಂಡು ಹೋಗುವುದಕ್ಕಿಂತ, ಗೊತ್ತಿಲ್ಲದ್ದನ್ನು ಕಂಡು ಹೆದರುವುದು ಕಡಿಮೆ. ಮನೆಯಿಂದ ಹೊರಬಿದ್ದು ಜಗತ್ತನ್ನು ತಿಳಿಯಬೇಕಾದ ಪ್ರಾಯಕ್ಕೆ ಇದು ಬೇಕಾದ ಗುಣವೇ.

ಇನ್ನು ಗೆಳೆಯರ ಸಹವಾಸ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಜೇಸನ್ ಷೇನ್, ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತಿತರರು ನಡೆಸಿದ 2011ರ ಅಧ್ಯಯನದಲ್ಲಿ ಮಕ್ಕಳೂ ಹಿರಿಯರೂ ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿ ಕಾರು ಓಡಿಸುವ ಆಟ ಆಡಿದರು. ಗೆಳೆಯರು ನೋಡುತ್ತಿದ್ದಾರೆ ಎಂದು ಗೊತ್ತಾದದ್ದೇ ತಡ, ಮಕ್ಕಳು ಸಿಗ್ನಲ್‌ಗಳಲ್ಲಿ ನಿಲ್ಲದೆ ನುಗ್ಗುವುದು ಹೆಚ್ಚಾಯಿತು. ಹಿರಿಯರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಆ ಹೊತ್ತಿನಲ್ಲಿ ಮಕ್ಕಳ ಮಿದುಳಿನ ಆಳದಲ್ಲಿರುವ ವೆಂಟ್ರಲ್ ಸ್ಟ್ರೈಯೇಟಮ್ ಎಂಬ ಭಾಗ ಚುರುಕಾಗಿತ್ತು. ಸಿಹಿ, ಹಣ, ಮೆಚ್ಚುಗೆ ಹೀಗೆ ಹಿತವಾದದ್ದು ಏನು ಸಿಕ್ಕರೂ ಸ್ಪಂದಿಸುವ ಭಾಗವದು. ಮುಂದಾಲೋಚನೆಗೆ, ತಡೆದುಕೊಳ್ಳುವುದಕ್ಕೆ ಬೇಕಾದ ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್ ಮಾತ್ರ ಇಪ್ಪತ್ತರ ನಂತರವೂ ಬಲಿಯುತ್ತಲೇ ಇರುತ್ತದೆ.

ಪತ್ರಿಕೆಗಳು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತವೆ. ಹಾಗೆ ನಿಲ್ಲಿಸಿದ್ದರಿಂದ ಹದಿಹರೆಯದವರಿಗೆ ದೊಡ್ಡ ಅನ್ಯಾಯವೇ ಆಗಿದೆ.

ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಯೋರಿನ್ ಫಾನ್ ಹೋರ್ನ್ ಮತ್ತು ಎವೆಲೀನ್ ಕ್ರೋನೆ ಅವರ ತಂಡ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿತು. 12ರಿಂದ 16 ವರ್ಷದ ಮಕ್ಕಳು ತಮಗೆ ಕೊಟ್ಟ ನಾಣ್ಯಗಳಲ್ಲಿ ಎಷ್ಟನ್ನು ತಾವೇ ಇಟ್ಟುಕೊಳ್ಳಬೇಕು, ಎಷ್ಟನ್ನು ಗುಂಪಿಗೆ ಕೊಡಬೇಕು ಎಂದು ನಿರ್ಧರಿಸಬೇಕಿತ್ತು. ಕೊಟ್ಟದ್ದನ್ನು ಓರಗೆಯವರು ಮೆಚ್ಚಿದ್ದಾರೆಂದು ತಿಳಿದಾಗ ಮಕ್ಕಳು ಇನ್ನಷ್ಟು ಕೊಟ್ಟರು. ಇಟ್ಟುಕೊಂಡದ್ದನ್ನು ಮೆಚ್ಚಿದಾಗ ಕೊಡುವುದು ಕಡಿಮೆಯಾಯಿತು. ಗೆಳೆಯರ ಕಣ್ಣು ಸಿಗ್ನಲ್ ಹಾರಿಸಲಿಕ್ಕೂ ಪ್ರೇರಣೆ, ಕೈ ಬಿಚ್ಚಿ ಕೊಡಲಿಕ್ಕೂ ಪ್ರೇರಣೆ. ಆ ಗುಂಪು ಏನನ್ನು ಮೆಚ್ಚುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಈವಾ ಟೆಲ್ಜರ್ ಅವರ ಅಧ್ಯಯನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಮನೆಯವರಿಗಾಗಿ ಹಣ ಬಿಟ್ಟುಕೊಡುವಾಗ ಕೆಲವು ಹದಿಹರೆಯದವರಲ್ಲಿ ಅದೇ ವೆಂಟ್ರಲ್ ಸ್ಟ್ರೈಯೇಟಮ್ ಹೆಚ್ಚು ಸ್ಪಂದಿಸಿತು. ಒಂದು ವರ್ಷದ ಬಳಿಕ ವಿಚಾರಿಸಿದಾಗ ಅಪಾಯದ ನಡತೆ ಹೆಚ್ಚು ಇಳಿದಿದ್ದದ್ದು ಇಂಥವರಲ್ಲೇ. 2014ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಇಂಥವರಲ್ಲಿ ಖಿನ್ನತೆಯ ಲಕ್ಷಣಗಳೂ ಕಾಲಕ್ರಮೇಣ ಇಳಿದವು. ಭಾಗವಹಿಸಿದವರ ಸಂಖ್ಯೆ ಚಿಕ್ಕದು, ಆದ್ದರಿಂದ ಇವನ್ನು ಅಂತಿಮ ಮಾತು ಎನ್ನಲಾಗದು. ಆದರೂ ಮಕ್ಕಳನ್ನು ದಾರಿ ತಪ್ಪಿಸುತ್ತದೆ ಎಂದು ದೂರುವ ಭಾಗವೇ, ಇನ್ನೊಬ್ಬರಿಗೆ ನೆರವಾದಾಗ ಹಿತಪಡುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ಇಂಥ ಒಳ್ಳೆಯತನ ಸದ್ದು ಮಾಡುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅಂಧ ವಿದ್ಯಾರ್ಥಿಗಳ ಉತ್ತರಗಳನ್ನು ಬರೆದುಕೊಡುವವರು ಸಾಮಾನ್ಯವಾಗಿ ಕೆಳತರಗತಿಯ ಮಕ್ಕಳು. ಮೂರು ಗಂಟೆ ಕೂತು, ಅವರು ಹೇಳಿದ್ದನ್ನು ಹೆಚ್ಚುಕಡಿಮೆಯಾಗದಂತೆ ಬರೆಯಬೇಕು. ತಮಗೆ ಸರಿಯುತ್ತರ ಗೊತ್ತಿದ್ದರೂ ಸೇರಿಸುವಂತಿಲ್ಲ. ಆ ಸಂಯಮಕ್ಕೆ ಅಂಕವಿಲ್ಲ, ಫಲಿತಾಂಶದ ದಿನ ಪತ್ರಿಕೆಯಲ್ಲಿ ಫೋಟೊವೂ ಇಲ್ಲ.

ಧೈರ್ಯದ ಪಾಡು ಇನ್ನೂ ಕಷ್ಟದ್ದು. ಎಷ್ಟೋ ಸಲ ಅದು ಅವಿಧೇಯತೆಯಾಗಿಯೇ ಕಾಣಿಸುತ್ತದೆ. 1955ರ ಮಾರ್ಚ್ 2ರಂದು ಅಮೆರಿಕದ ಮಾಂಟ್ಗೊಮರಿ ನಗರದ ಬಸ್ಸಿನಲ್ಲಿ ಹದಿನೈದು ವರ್ಷದ ಕಪ್ಪು ಹುಡುಗಿ ಕ್ಲಾಡೆಟ್ ಕಾಲ್ವಿನ್ ಬಿಳಿಯರಿಗಾಗಿ ಸೀಟು ಬಿಟ್ಟೇಳಲು ಒಪ್ಪಲಿಲ್ಲ. ಪೊಲೀಸರು ಬಂಧಿಸಿದರು. ಇಂಥದೇ ನಿರಾಕರಣೆಗೆ ಹೆಸರಾದ ರೋಸಾ ಪಾರ್ಕ್ಸ್ ಅವರ ಬಂಧನಕ್ಕೆ ಇನ್ನೂ ಒಂಬತ್ತು ತಿಂಗಳಿತ್ತು. ಹುಡುಗಿ ತೀರಾ ಚಿಕ್ಕವಳು, ಹೋರಾಟದ ಮುಖವಾಗಲು ತಕ್ಕವಳಲ್ಲ ಎಂಬ ಅಳುಕಿನಿಂದ ಮುಖಂಡರೇ ಅವಳನ್ನು ಹಿಂದೆ ಸರಿಸಿದರು. 1956ರಲ್ಲಿ ಬಸ್ಸುಗಳ ಜನಾಂಗ ಭೇದವನ್ನು ಕೊನೆಗಾಣಿಸಿದ ಮೊಕದ್ದಮೆಯ ನಾಲ್ವರು ಅರ್ಜಿದಾರರಲ್ಲಿ ಅವಳೂ ಇದ್ದಳು. ಆ ಬಂಧನದ ದಾಖಲೆಯನ್ನು ನ್ಯಾಯಾಲಯ ಅಳಿಸಿಹಾಕಿದ್ದು 2021ರಲ್ಲಿ, ಅವರಿಗೆ 82 ತುಂಬಿದ್ದಾಗ.

ನಮ್ಮಲ್ಲಿ ತಮ್ಮ ಬಾಲ್ಯವಿವಾಹವನ್ನು ತಾವೇ ನಿಲ್ಲಿಸಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಹುಡುಗಿಯರ ಸುದ್ದಿ ಆಗಾಗ ಬರುತ್ತದೆ. ಅಪ್ಪ, ಅಮ್ಮ, ಸೋದರಮಾವ ಎಲ್ಲರೂ ಎದುರಿಗಿರುವಾಗ ಆ ಕರೆ ಮಾಡಬೇಕು. ಅಧಿಕಾರಿಗಳು ಬಂದು ಹೋದ ಮೇಲೆ ಅದೇ ಮನೆಯಲ್ಲಿ ಬಾಳಬೇಕು. ಕಾನೂನು ಅವಳ ಪರವಾಗಿದ್ದರೂ ಮನೆತನದ ಮರ್ಯಾದೆ ಕಳೆದಳು ಎಂಬ ಮಾತು ಕೇಳಬೇಕಾದವಳು ಅವಳೇ. ನೆರೆಯಲ್ಲಿ ಓಡಿದ ಹುಡುಗನ ಧೈರ್ಯಕ್ಕಿಂತ ಇದು ಕಡಿಮೆಯದಲ್ಲ. ವಿಡಿಯೊ ಇಲ್ಲ, ಅಷ್ಟೆ.

ಹಾಗಿದ್ದರೂ "ನಮ್ಮ ಕಾಲದ ಮಕ್ಕಳು ಹೀಗಿರಲಿಲ್ಲ" ಎಂಬ ದೂರು ಪ್ರತಿ ತಲೆಮಾರಿನಲ್ಲೂ ಏಕೆ ಕೇಳಿಸುತ್ತದೆ? ಜಾನ್ ಪ್ರೋಟ್ಸ್ಕೊ ಮತ್ತು ಜೊನಾಥನ್ ಸ್ಕೂಲರ್ 2019ರಲ್ಲಿ ಇದನ್ನು ಅಳೆದು ನೋಡಿದರು. ಚೆನ್ನಾಗಿ ಓದಿಕೊಂಡ ಹಿರಿಯರಿಗೆ ಈಗಿನ ಮಕ್ಕಳು ಓದುವುದಿಲ್ಲ ಎನ್ನಿಸುತ್ತದೆ, ಅಧಿಕಾರಕ್ಕೆ ತಲೆಬಾಗುವವರಿಗೆ ಈಗಿನವರಲ್ಲಿ ಗೌರವವಿಲ್ಲ ಎನ್ನಿಸುತ್ತದೆ. ಇಂದಿನ ತಮ್ಮ ಗುಣವನ್ನೇ ಬಾಲ್ಯದ ನೆನಪಿನ ಮೇಲೆ ಹೊದಿಸಿ, ಆಗ ಎಲ್ಲ ಮಕ್ಕಳೂ ಹಾಗೇ ಇದ್ದರೆಂದು ಅವರು ನಂಬಿರುತ್ತಾರೆ.

ಈ ನಂಬಿಕೆ ಮಕ್ಕಳಿಗೂ ಅಂಟುತ್ತದೆ. ಯಾಂಗ್ ಚೂ ಮತ್ತು ಈವಾ ಪೊಮೆರಾಂಟ್ಜ್ ಅವರ ತಂಡ ಚೀನಾದ ಏಳನೇ ತರಗತಿಯವರ ಜೊತೆ ಪ್ರಯೋಗ ನಡೆಸಿತು. ಹದಿಹರೆಯದವರು ಹೊಣೆಗಾರಿಕೆಯುಳ್ಳವರೂ ಹೌದು ಎಂಬುದನ್ನು ಕೆಲವರಿಗೆ ಓದಿಸಿ, ಅದರ ಬಗ್ಗೆ ಅವರಿಂದಲೇ ಬರೆಸಿದರು. ನಂತರದ ದಿನಗಳಲ್ಲಿ ಉಳಿದವರಿಗಿಂತ ಆ ಮಕ್ಕಳು ಓದಿನಲ್ಲಿ ಹೆಚ್ಚು ತೊಡಗಿಕೊಂಡಿದ್ದರು. ಇದಕ್ಕೆ ಹಣವೂ ಬೇಡ, ಉಪಕರಣವೂ ಬೇಡ. ನಮ್ಮ ಶಾಲೆಗಳ ಪೋಷಕರ ಸಭೆಯಲ್ಲಿ ಈಗ ಮೊದಲು ಬರುವುದು ಅಂಕಪಟ್ಟಿ, ಆಮೇಲೆ ಮೊಬೈಲಿನ ದೂರು. ಅದೇ ಮೇಜಿನ ಮೇಲೆ, ಈ ತಿಂಗಳು ಈ ಹುಡುಗ ಯಾರ ಬ್ಯಾಗು ಹೊತ್ತ, ಯಾರನ್ನು ಗೇಲಿ ಮಾಡುವಾಗ ಈ ಹುಡುಗಿ ಎದ್ದು ಬೇಡ ಎಂದಳು ಎಂಬುದನ್ನೂ ಅಪ್ಪ ಅಮ್ಮನ ಮುಂದೆ, ಮಗುವಿನ ಎದುರಿಗೇ, ಹೆಸರು ಹಿಡಿದು ಹೇಳಲು ಎರಡು ನಿಮಿಷ ಸಾಕು.